ತಗಡಿನ ಕತ್ತಿ ಬಸ್ ಹತ್ತಿದ ದಿನ

ಹದಿನಾರು ಎಂಬ ಊರಿನ ರುದ್ರಾಣಿಗೆ ಆ ಭಾನುವಾರ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೇಗೆ ಆದೀತು ಹೇಳಿ? ಹಸು, ಗಂಡ, ಡೇರಿ ಅಂತಲೇ ಓಡಾಡಿದ ನಲವತ್ತೆಂಟರ ಹೆಂಗಸು ಅವತ್ತು ಮೊಟ್ಟಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದಳು. ಊರಿನ ಸ್ತ್ರೀಶಕ್ತಿ ಸಂಘದವರೇ ಕಲಿತ ಪೌರಾಣಿಕ ನಾಟಕ. ಟಿ. ನರಸೀಪುರದ ಸಮುದಾಯ ಭವನದಲ್ಲಿ ಹನ್ನೊಂದು ಗಂಟೆಗೆ ಪರದೆ ಏಳಬೇಕು. ರುದ್ರಾಣಿಯದು ದುಶ್ಶಾಸನನ ಪಾತ್ರ. ನಾಲ್ಕು ತಿಂಗಳು ಹಾಲು ಕರೆಯುವಾಗಲೂ ಅದೇ ಮಾತು, ಅದೇ ಪದ್ಯ. ಹಸುವಿಗೂ ಬಾಯಿಪಾಠ ಆಗಿರಬೇಕು.

ಮೇಕಪ್ಪಿನವರಿಗೆ ಬೇರೆ ಊರಲ್ಲೂ ಕೆಲಸವಿತ್ತು. ಏಳು ಗಂಟೆಗೇ ಬಂದು ಎಲ್ಲರಿಗೂ ಬಣ್ಣ ಬಳಿದು, ಮೀಸೆ ಅಂಟಿಸಿ ಹೊರಟುಹೋದರು. ಬಾಡಿಗೆ ವ್ಯಾನಿನಲ್ಲಿ ಹಾರ್ಮೋನಿಯಂ ಮತ್ತು ಉಳಿದ ಪಾತ್ರಧಾರಿಗಳು ಹಿಡಿದರು. ಜಾಗ ಸಾಲದೆ ರುದ್ರಾಣಿ, ದ್ರೌಪದಿ ಪಾತ್ರದ ವಾಣಿ, ಜೊತೆಗೆ ಪಕ್ಕದ ಮನೆಯ ನಯನ, ಈ ಮೂವರು ಬಸ್ಸಿಗೆ ಬರುವುದೆಂದಾಯಿತು. ನಯನ ಹೋಂಗಾರ್ಡ್. ಚುನಾವಣೆ, ಮೆರವಣಿಗೆ ಅಂತ ಬಂದೋಬಸ್ತಿಗೆ ನಿಂತು ಪಳಗಿದವಳು. ಅವತ್ತು ಡ್ಯೂಟಿಗೆ ರಜೆ ಹಾಕಿ ಇವರ ಬುತ್ತಿ ಬ್ಯಾಗು ಹೊರಲು ಬಂದಿದ್ದಳು. ಬರುವಾಗ ಒಂದು ಖಾಲಿ ಬೂಸಾ ಚೀಲವನ್ನೂ ಕೊಡವಿಕೊಂಡು ತಂದಿದ್ದಳು.

“ರುದ್ರಕ್ಕ, ಕತ್ತಿಯ ಇದ್ರೊಳಕ್ಕೆ ಮಡಗು. ಬಾಯಿ ಕಟ್ಬುಡ್ತೀನಿ. ಅಲ್ಲೋಗಿ ಬಿಚ್ಕಂಡ್ರಾಯ್ತು.”

“ಬೂಸಾ ಚೀಲಕ್ಕಾ? ಪೂಜೆ ಮಾಡಿರ ಕತ್ತಿ ಕಣಮ್ಮಿ. ಬಣ್ಣ ಬಿದ್ಮ್ಯಾಕೆ ಆಯುಧ ಕೈ ಬುಡಂಗಿಲ್ಲ ಅಂದವ್ರೆ ಮೇಷ್ಟ್ರು.”

ಮೇಷ್ಟ್ರು ಅಂದರೆ ಹಾರ್ಮೋನಿಯಂ ಮೇಷ್ಟ್ರು ದೊಡ್ಡಸಿದ್ದಯ್ಯ. ಈ ಸುತ್ತಿನ ಊರುಗಳಿಗೆಲ್ಲ ನಾಟಕ ಕಲಿಸಿದವರು. ಮುಖಕ್ಕೆ ಬಣ್ಣ ಬಿದ್ದ ಮೇಲೆ ಪಾತ್ರ ಮುಗಿಯುವ ತನಕ ಆಯುಧವನ್ನು ಕೆಳಗಿಡಬಾರದು, ಮುಚ್ಚಿಡಬಾರದು ಅನ್ನುವುದು ಅವರ ಕಟ್ಟುನಿಟ್ಟು. ಹಿಂದೆ ಸ್ಕೂಲಿನ ಕೋಣೆಯಲ್ಲಿ ಬಣ್ಣ ಬಳಿದರೆ ಹತ್ತು ಹೆಜ್ಜೆಗೆ ಸ್ಟೇಜು ಸಿಗುತ್ತಿತ್ತು. ಆ ಹತ್ತು ಹೆಜ್ಜೆಗೆ ಮಾಡಿದ ಕಟ್ಟಳೆ ಈಗ ಬಸ್ ಹತ್ತುತ್ತಿದೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ರುದ್ರಾಣಿಯ ಗಂಡ ನಂಜುಂಡಸ್ವಾಮಿ ಜಗಲಿಯಿಂದಲೇ ಬಾಯಿ ಹಾಕಿದ. ಕತ್ತಿ ಅವನದೇ ಕೈಕೆಲಸ. ಪ್ಲೈವುಡ್ಡಿಗೆ ತಗಡು ಹೊಡೆದು, ಕನ್ನಡಿಯ ಹಾಗೆ ಉಜ್ಜಿದ್ದ.

“ಚೀಲದಲ್ಲಿ ತುರುಕಂಡೋಗಕ್ಕೆ ನಾನು ಮೂರ್ ದಿನ ಕೂತ್ಕಂಡ್ ಮಾಡ್ನಾ ಇದಾ? ನೋಡ್ಲಿ ಬುಡು ಜನ. ತಗಡು ಕಣವ್ವ, ಸೊಪ್ಪೂ ಕುಯ್ಯಲ್ಲ.”

“ತಗಡು ಅಂತ ನಮಗ್ ಗೊತ್ತು ಕಣಣ್ಣ. ದಾರೀಲಿ ನೋಡೋರಿಗೆ ಯಾರ್ ಏಳ್ತಾರೆ?” ಅಂದಳು ನಯನ. “ಜನದ ಮಧ್ಯ ಡ್ಯೂಟಿಗೆ ನಿಂತಾಗ ನಾವು ಮೊದ್ಲು ನೋಡೋದೇ ಕೈಯ. ಕಿರೀಟ, ಮೀಸೆ ಎಲ್ಲಾ ಆಮ್ಯಾಕೆ ಕಣ್ಣಿಗೆ ಬೀಳೋದು.”

“ನಿಂಗೆ ಎಲ್ಲೋದ್ರೂ ಡ್ಯೂಟಿದೇ ಧ್ಯಾನ,” ಅಂತ ರುದ್ರಾಣಿ ಕತ್ತಿ ಹಿಡಿದು ಹೊರಟೇಬಿಟ್ಟಳು.

ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಕಂಡಕ್ಟರು ಒಮ್ಮೆ ಮೀಸೆ ನೋಡಿದ, ಒಮ್ಮೆ ಆಧಾರ್ ಕಾರ್ಡು ನೋಡಿದ.

“ಹೆಂಗಸರಿಗ್ ಮಾತ್ರ ಫ್ರೀ ಕಣ್ರೀ.”

“ನಾನು ಎಂಗ್ಸೇ ಕಣಪ್ಪ. ಬೇಕಾದ್ರೆ ಮೀಸೆ ಕಿತ್ತು ತೋರ್ಲಾ?”

ಬಸ್ಸೆಲ್ಲ ನಕ್ಕಿತು. ರುದ್ರಾಣಿಗೆ ಹಿಗ್ಗು. ಆದರೆ ಅರ್ಧ ದಾರಿಯಲ್ಲಿ ಹಂಪು ಹಾರಿ ಡ್ರೈವರು ಬ್ರೇಕ್ ಒತ್ತಿದಾಗ ಕತ್ತಿಯ ಮೊನೆ ಮುಂದಿನ ಸೀಟಿಗೆ ಹೋಗಿ ತಾಗಿತು. ಅಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ್ದ ಕೂಸಿನ ಕಣ್ಣಿಗೂ ಮೊನೆಗೂ ನಾಲ್ಕು ಬೆರಳು ಅಂತರ. ತಾಯಿ ಬೈದುಕೊಂಡು ಸೀಟು ಬದಲಾಯಿಸಿದಳು. ನಯನ ಮತ್ತೆ ಚೀಲ ಮುಂದೆ ಹಿಡಿದಳು. ರುದ್ರಾಣಿ ಕಿಟಕಿಯ ಕಡೆ ತಿರುಗಿ ಪದ್ಯ ಗುನುಗತೊಡಗಿದಳು.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತೂವರೆ. ಮೇಷ್ಟ್ರು ನಾಲ್ಕು ಸಲ ಫೋನ್ ಮಾಡಿದ್ದರು. ಆಟೋ ಹತ್ತಿ ಕೂತರೆ ವಾಣಿ ಇಲ್ಲ. ಹಾರ್ಮೋನಿಯಂ ಪೂಜೆಗೆ ಹೂ ಮರೆತಿದ್ದೇವೆ ಅಂತ ಆಚೆ ಬದಿಯ ಹೂವಿನವರ ಕಡೆ ಓಡುತ್ತಿದ್ದಳು. ವಸ್ತ್ರಾಪಹರಣದ ದೃಶ್ಯಕ್ಕೆಂದು ಬಿಟ್ಟ ಕೂದಲು ಬೆನ್ನ ತುಂಬ ಹಾರಾಡುತ್ತಿತ್ತು. ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ರುದ್ರಾಣಿಗೆ ತಡೆಯಲಾಗಲಿಲ್ಲ. ಕತ್ತಿ ಸಮೇತ ಧುಮುಕಿ ಓಡಿದಳು.

“ಲೇ, ನಿಂತ್ಕಳೇ. ಇವತ್ತು ನಿನ್ನ ಬುಡಾಕಿಲ್ಲ ನಾನು,” ಅಂತ ಸಲುಗೆಯಿಂದ ಕೂಗಿದಳು.

ಈಗ ನೀವೇ ಆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಂದು ತಿಳಿಯಿರಿ. ಕೂದಲು ಕೆದರಿದ ಒಬ್ಬ ಹೆಣ್ಣುಮಗಳು ಓಡುತ್ತಿದ್ದಾಳೆ. ಮೀಸೆಯವನೊಬ್ಬ ಹೊಳೆಯುವ ಕತ್ತಿ ಎತ್ತಿಕೊಂಡು, ಬಿಡುವುದಿಲ್ಲ ಅಂತ ಅಟ್ಟಿಸಿಕೊಂಡು ಬರುತ್ತಿದ್ದಾನೆ. ನಾಟಕ ಅಂತ ನಿಮಗೆ ಹೊಳೆದೀತೇ?

ಯಾರೋ ಕಿರುಚಿದರು. ಜನ ದಿಕ್ಕಾಪಾಲಾದರು. ಒಬ್ಬ 112ಕ್ಕೆ ಫೋನ್ ಒತ್ತಿದ. ಕಬ್ಬಿನ ಹಾಲಿನ ಗಾಡಿಯವನು ಒಂದು ಜಲ್ಲೆ ಎಳೆದುಕೊಂಡು ಬಂದು ರುದ್ರಾಣಿಯ ಹೆಗಲಿಗೆ ಬಾರಿಸಿದ. ಎರಡನೆಯ ಏಟು ತಲೆಗೇ ಬೀಳುತ್ತಿತ್ತು. ನಯನ ಓಡಿಬಂದು ಅಡ್ಡ ನಿಂತಳು.

“ಒಡೀಬೇಡಿ. ನಾಟಕದೋರು ಇವ್ರು. ಎಂಗ್ಸು ಕಣ್ರಪ್ಪ.”

ಕಿರೀಟ ಉರುಳಿತು, ಮೀಸೆ ಅರ್ಧ ಕಿತ್ತುಬಂತು. ಒಬ್ಬಿಬ್ಬರು ನಕ್ಕರು. ಆದರೆ ವಾಣಿ ನಗಲಿಲ್ಲ. ಅವಳ ಕಾಲ ಬಳಿ ಹೂವಿನ ಬುಟ್ಟಿ ಕವುಚಿತ್ತು. ಹೂ ಮಾರುವ ಸಿದ್ದಲಿಂಗಮ್ಮ, ಅರವತ್ತು ದಾಟಿದ ಹೆಂಗಸು, ಬಲಗೈ ಮಣಿಕಟ್ಟು ಹಿಡಿದುಕೊಂಡು ನೆಲದ ಮೇಲೆ ನರಳುತ್ತಿದ್ದರು.

ಪೊಲೀಸ್ ಗಾಡಿ ಬಂತು. ಎಎಸ್‌ಐ ಕತ್ತಿಯನ್ನು ತಿರುಗಿಸಿ ನೋಡಿದರು. “ತಗಡಮ್ಮ, ಈಗ ಗೊತ್ತಾಯ್ತು. ಗೊತ್ತಾಗೋದ್ರೊಳಗೆ ಆ ಕಬ್ಬು ನಿಮ್ಮ ತಲೆ ಮೇಲೆ ಬಿದ್ದಿದ್ರೆ ಯಾರ್ನ ಕೇಳ್ತಿದ್ರಿ?” ಅಂದರು. ಕತ್ತಿ ಜೀಪಿಗೆ ಹೋಯಿತು. ಸಿದ್ದಲಿಂಗಮ್ಮ ಸರ್ಕಾರಿ ಆಸ್ಪತ್ರೆಗೆ ಹೋದರು. ವಾಣಿಯನ್ನು ನಯನ ಆಟೋದಲ್ಲಿ ಭವನಕ್ಕೆ ಕರೆದುಕೊಂಡು ಹೋದಳು. ರುದ್ರಾಣಿ ಅವರ ಜೊತೆ ಹೋಗಲಿಲ್ಲ. ಅದೇ ವೇಷದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂತಳು.

ಹನ್ನೊಂದು ದಾಟಿ ಹದಿನೈದು ನಿಮಿಷ. ಮೇಷ್ಟ್ರ ಫೋನು.

“ಎಲ್ಲಿದ್ದೀಯವ್ವ? ಜನ ಕೂತವ್ರೆ.”

ರುದ್ರಾಣಿ ಎದ್ದಳು, ಕೂತಳು, ಮತ್ತೆ ಎದ್ದಳು. ಭವನ ಅಲ್ಲಿಂದ ಐದು ನಿಮಿಷದ ದಾರಿ. ಎಕ್ಸ್‌ರೇ ಕೋಣೆಯ ಬಾಗಿಲು ಮುಚ್ಚಿತ್ತು. ನಾಲ್ಕು ತಿಂಗಳು ಕಲಿತ ಒಂದೊಂದು ಮಾತೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಸಿದ್ದಲಿಂಗಮ್ಮನನ್ನು ಹೊರಗೆ ಕರೆತಂದು ಅವಳ ಪಕ್ಕದಲ್ಲೇ ಕೂರಿಸಿದರು. ಮೂಳೆ ಮುರಿದಿತ್ತು. ಅವರ ಮಗಳು ಮುಡುಕುತೊರೆಯಿಂದ ಬರಬೇಕಿತ್ತು.

“ತಪ್ಪಾಯ್ತು ಕಣವ್ವ,” ಅಂದಳು ರುದ್ರಾಣಿ. “ನನ್ನ ನೋಡಿ ಎದರ್ಕಂಡು ಓಡಕ್ಕೋಗಿ ಬಿದ್ರಲ್ಲ.”

“ಓಡಕ್ಕಲ್ಲ ಕಣ್ಮಗ,” ಅಂದರು ಸಿದ್ದಲಿಂಗಮ್ಮ. “ನಮ್ಮಳಿಯ ಒಂದ್ಸಲ ಇಂಗೇ ಮಚ್ಚಿಡ್ಕಂಡು ನನ್ ಮಗಳ ಅಟ್ಟಿಸ್ಕಂಡ್ ಬಂದಿದ್ದ. ಬೀದಿ ತುಂಬ ಜನ. ಒಬ್ರೂ ಅಡ್ಡ ಬರ್ಲಿಲ್ಲ. ಇವತ್ತು ಆ ಉಡುಗಿ ಕೂದ್ಲು ಕೆದರ್ಕಂಡ್ ಬತ್ತಿದ್ದುದ್ ನೋಡ್ದೆ. ಇವಳಿಗಾದ್ರೂ ಯಾರಾರ ಒಬ್ರು ಅಡ್ಡ ನಿಂತ್ಕಬೇಕಲ್ಲ ಅಂತ ಎದ್ದೆ. ಕಾಲು ತೊಡರ್ತು.”

ರುದ್ರಾಣಿಯ ಬಣ್ಣ ಬಳಿದ ಮುಖದ ಮೇಲೆ ಕಣ್ಣೀರು ಇಳಿದು ಗೆರೆ ಬಿತ್ತು. ಫೋನು ಮತ್ತೆ ಹೊಡೆದುಕೊಂಡಿತು.

“ಮೇಷ್ಟ್ರೇ, ಪರದೆ ಎತ್ತಿ,” ಅಂದಳು. “ನಾನು ಬರಾಕಿಲ್ಲ. ಈಯಮ್ಮನ ಮಗಳು ಬರೋಗಂಟ ಇಲ್ಲೇ ಇರ್ತೀನಿ.”

ಅವತ್ತು ದುಶ್ಶಾಸನನ ಮಾತುಗಳನ್ನು ದೊಡ್ಡಸಿದ್ದಯ್ಯನವರೇ ಹಾರ್ಮೋನಿಯಂ ಮುಂದೆ ಕೂತು ಹೇಳಿ ಮುಗಿಸಿದರು. ಸಂಜೆ ಆಸ್ಪತ್ರೆಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. “ನಾನೇ ಏಳಿದ್ ಮಾತು, ನಾನೇ ತಿದ್ಕತೀನಿ. ಇನ್ಮ್ಯಾಕೆ ಆಯುಧ ಪೂಜೆ ಸ್ಟೇಜಿನ್ ಹಿಂದೆ. ಅಲ್ಲಿಗಂಟ ಕಟ್ಟಿದ್ ಚೀಲ ಬಿಚ್ಚಂಗಿಲ್ಲ,” ಅಂದರು. ಬೈಕಿನಲ್ಲಿ ಓಡಿಬಂದಿದ್ದ ನಂಜುಂಡಸ್ವಾಮಿ ಪ್ಲಾಸ್ಟರ್ ಹಾಕಿದ ಕೈಯನ್ನೂ ಹೆಂಡತಿಯ ಬಾಸುಂಡೆಯನ್ನೂ ನೋಡಿ ತಲೆ ಎತ್ತಲಿಲ್ಲ. ಮಾರನೇ ವಾರ ಠಾಣೆಯಿಂದ ಕತ್ತಿ ಬಂದಾಗ ಅವನೇ ತಗಡಿನ ಅಂಚಿಗೆಲ್ಲ ಬಟ್ಟೆ ಟೇಪು ಸುತ್ತಿ, ಮೊನೆ ಮೊಂಡು ಮಾಡಿ, ದಪ್ಪ ಬಟ್ಟೆಯ ಚೀಲ ಹೊಲಿಸಿ, ಮೇಲೆ ‘ನಾಟಕದ ಸಾಮಾನು’ ಅಂತ ಬರೆಸಿದ. ಅದೆಲ್ಲ ನಯನಳನ್ನು ಕೇಳಿ ಕೇಳಿ ಕಲಿತದ್ದು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಟಕ ಆಡಿ, ವೇಷ ಕಟ್ಟಿ, ಮಕ್ಕಳಿಗೂ ಕಟ್ಟಿಸಿ. ಆದರೆ ಕತ್ತಿ, ಗದೆ, ಆಟದ ಪಿಸ್ತೂಲು, ಯಾವುದೇ ಆಗಲಿ, ದಾರಿಯಲ್ಲಿ ಕೈಯಲ್ಲಿ ಹಿಡಿಯಬೇಡಿ. ಚೀಲದಲ್ಲಿ ಕಟ್ಟಿ ಒಯ್ಯಿರಿ, ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಹೇಳಿ. ಮೆರವಣಿಗೆಯೋ ನಾಟಕವೋ ಇದ್ದರೆ ಹಿಂದಿನ ದಿನವೇ ಠಾಣೆಗೆ ಒಂದು ಚೀಟಿ ಕೊಡಿ. ಸೆಲ್ಫಿಗೆ ಅಂತ ಬೀದಿಯಲ್ಲಿ ಬೀಸಬೇಡಿ, ವೇಷ ಹಾಕಿಕೊಂಡು ಓಡಬೇಡಿ. ಮನೆಯಲ್ಲಿರುವ ನಿಜವಾದ ಕತ್ತಿ ಮಚ್ಚುಗಳನ್ನಂತೂ ವೇಷಕ್ಕೆಂದು ಮುಟ್ಟಲೇಬೇಡಿ.

ಸಿದ್ದಲಿಂಗಮ್ಮನ ಬಲಗೈ ಆರು ವಾರ ಹೂ ಕಟ್ಟಲಿಲ್ಲ. ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲೂ, ಯಾರದೋ ಮಗಳಿಗಾಗಿ ಕತ್ತಿಗೆ ಅಡ್ಡ ನಿಲ್ಲುವಂಥವರು ಒಬ್ಬರು ತಮ್ಮ ಪಾಡಿಗೆ ಕೂತಿರುತ್ತಾರೆ. ಅವರ ಧೈರ್ಯವನ್ನು ತಗಡಿಗೆ ಖರ್ಚು ಮಾಡಿಸಬೇಡಿ.