ಕೋಗಳಿಯ ಕೆಂಪು ಕಂಬ

ಮೂರು ವಾರದಿಂದ ಗುಲಫಶಾಗೆ ಊಟ ನಿದ್ದೆ ನೆಟ್ಟಗಿರಲಿಲ್ಲ. ಪ್ರೀತಿ ಪ್ರೇಮವೆಂದು ಯಾರೂ ಕಿವಿ ನಿಮಿರಿಸಬೇಕಿಲ್ಲ. ಅವಳ ತಲೆ ಕೆಡಿಸಿದ್ದು ಚಾರ್ಟ್ ಬಿಡಿಸುವ ಸಾಫ್ಟ್‌ವೇರು. ಪಂಪ್ ರಿಪೇರಿಯ ಕಮಾಲಸಾಬರ ಈ ಮಗಳು ಕೂಡ್ಲಿಗಿಯ ಒಂದು ಸೇವಾಸಂಸ್ಥೆಗೆ ಸೇರಿ ಮೂರು ತಿಂಗಳಾಗಿತ್ತು. ಇಸವಿ ಎರಡು ಸಾವಿರದ ಒಂಬತ್ತು. ಹನ್ನೆರಡು ಊರಿನ ಅಂಗನವಾಡಿ ಮಕ್ಕಳ ತೂಕವನ್ನು ವೆಬ್ ಪುಟದಲ್ಲಿ ಚೆಂದವಾಗಿ ತೋರಿಸಬೇಕು, ಶುಕ್ರವಾರದ ಸಭೆಯಲ್ಲಿ ಕಾರ್ಯಕರ್ತೆಯರು ಅದನ್ನು ಒಪ್ಪಬೇಕು. ಒಪ್ಪಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆ.

ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದವು. ಒಂದು ಫ್ಲ್ಯಾಶ್‌ನದು, ಪುಕ್ಕಟೆ. ಮಕ್ಕಳ ಸರಾಸರಿ ತೂಕದಷ್ಟು ಎತ್ತರಕ್ಕೆ ಊರಿಗೊಂದು ಬಣ್ಣದ ಕಂಬ ನೆಲದಿಂದ ಮೆಲ್ಲಗೆ ಎದ್ದು ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಜಾವಾಸ್ಕ್ರಿಪ್ಟ್‌ನದು. ಗೆರೆ, ಚುಕ್ಕೆ, ಅಷ್ಟೇ. ಅದಕ್ಕೂ ಪ್ರತಿಯೊಂದನ್ನು ತಾನೇ ಬರೆದು ಹೇಳಬೇಕು. ಸಂಸ್ಥೆಯ ಮುಖ್ಯಸ್ಥ ಸಂಜೀವ ಕಂಬಗಳನ್ನು ನೋಡಿ, "ಮದುವಿ ಮನಿ ಇದ್ದಂಗ ಐತಿ ನೋಡವ್ವಾ, ಇದೇ ಇರ್ಲಿ" ಎಂದುಬಿಟ್ಟಿದ್ದ. ಗುಲಫಶಾ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಗುರುವಾರ ಬೆಳಿಗ್ಗೆ ಕೋಗಳಿಯ ಅಂಗನವಾಡಿ ಕಾರ್ಯಕರ್ತೆ ಓಬಮ್ಮ ರಿಜಿಸ್ಟರ್ ಕೊಡಲು ಬಂದಳು. ಗುಲಫಶಾ ಸುಮ್ಮನಿರದೆ ಕಂಬಗಳನ್ನು ಏಳಿಸಿ ತೋರಿಸಿದಳು. ಕೋಗಳಿಯದು ಎಲ್ಲಕ್ಕಿಂತ ಎತ್ತರ, ಕಡುಗೆಂಪು. ಓಬಮ್ಮನ ಮುಖ ಸಪ್ಪಗಾಯಿತು.

"ನಮ್ಮೂರಾಗ ಒಂದು ಕೂಸೂ ಕೆಂಪಿನ್ಯಾಗ ಇಲ್ಲವ್ವಾ."

"ಬಣ್ಣ ಸುಮ್ನ ಬಂದೈತ್ರಿ ಅಕ್ಕಾ. ಕಂಬ ಎತ್ತರ ಐತಲ್ಲ, ನಿಮ್ಮೂರ ಮಕ್ಕಳೇ ಗಟ್ಟಿ ಅಂತ ಅದರ ಅರ್ಥ."

"ಸುಮ್ನ ಹೆಂಗ ಬರ್ತೈತಿ? ಹಸಿರಂದ್ರ ಚಲೋ, ಹಳದಿಯಂದ್ರ ಹುಷಾರು, ಕೆಂಪಂದ್ರ ದವಾಖಾನಿಗೆ ಓಡು. ತೂಕದ ಕಾರ್ಡ್ ಹಿಡದು ಹತ್ತೊಂಬತ್ತು ವರ್ಷ ತಾಯಂದಿರಿಗೆ ಇದನ್ನೇ ಹೇಳೀನಿ. ಗಾಳೆಮ್ಮನ ಮೊಮ್ಮಗ ಕೆಂಪಿನಿಂದ ಹೊರಗ ಬರೋತನಕ ದಿನಾ ಅವರ ಮನಿಗೆ ಹೋಗೀನಿ. ಈಗ ನೀ ಕೆಂಪು ಸುಮ್ನ ಅಂತೀ."

ಗುಲಫಶಾಗೆ ನಾಚಿಕೆಯಾಯಿತು. ಬಣ್ಣ ಬದಲಿಸಲು ಹೋದರೆ ಪುಕ್ಕಟೆಯ ಸಾಫ್ಟ್‌ವೇರು ಒಪ್ಪಲೊಲ್ಲದು. ತನಗೆ ತೋಚಿದ ಬಣ್ಣವನ್ನೇ ಬಳಿಯುತ್ತದೆ. ಇದರ ಮಿಂಚಿಗಿಷ್ಟು ಬೆಂಕಿ ಹಾಕ ಎಂದುಕೊಂಡು ಜಾವಾಸ್ಕ್ರಿಪ್ಟ್‌ನದನ್ನು ತೆರೆದು ಕೂತಳು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ತೂಕದ ಕಾರ್ಡೇ ಮೂಡಿತ್ತು. ಹಸಿರು, ಹಳದಿ, ಕೆಂಪು ಪಟ್ಟಿಗಳು. ಅವುಗಳ ಮೇಲೆ ಮಗುವಿಗೊಂದು ಚುಕ್ಕೆ.

ಶುಕ್ರವಾರ ಸಭೆಯಲ್ಲಿ ಸಂಜೀವ ಪರದೆ ನೋಡಿ ಹುಬ್ಬು ಗಂಟಿಕ್ಕಿದ. "ಏನವ್ವಾ, ಮದುವಿ ಮನಿ ಎಲ್ಲಿ ಹೋತು?"

ಅಷ್ಟರಲ್ಲಿ ಓಬಮ್ಮ ಎದ್ದು ಬಂದು ಕೆಂಪು ಪಟ್ಟಿಯ ತಳದಲ್ಲಿದ್ದ ಒಂಟಿ ಚುಕ್ಕೆಯ ಮೇಲೆ ಬೆರಳಿಟ್ಟಳು.

"ಇದು ಯಾರ ಕೂಸು?"

ಗುಲಫಶಾ ಮೌಸ್ ತಾಗಿಸಿದಳು. ಹಿರೇಹಡಗಲಿ, ಮೆಹನಾಜ, ಎರಡು ವರ್ಷ, ಆರು ಕಿಲೋ. ಅಲ್ಲಿಯ ಕಾರ್ಯಕರ್ತೆ ಹೆರಿಗೆ ರಜೆಯಲ್ಲಿದ್ದಳು. ಬದಲಿಗೆ ಬಂದವರು ತೂಕ ಬರೆದು ಕಳಿಸಿ ಸುಮ್ಮನಾಗಿದ್ದರು. ಮಿಂಚುವ ಕಂಬದಲ್ಲಿ ಊರಿನ ಸರಾಸರಿ ಚೆನ್ನಾಗಿಯೇ ಇತ್ತು, ಈ ಕೂಸು ಉಳಿದ ಮಕ್ಕಳ ತೂಕದಲ್ಲಿ ಮುಚ್ಚಿಹೋಗಿತ್ತು. ಆ ಆರು ಕಿಲೋವನ್ನು ಕಂಪ್ಯೂಟರಿಗೆ ತುಂಬಿದವಳು ಸ್ವತಃ ಗುಲಫಶಾ.

"ಜೀಪ್ ತೆಗೀರಿ ಸರ್" ಎಂದಳು ಓಬಮ್ಮ. ಸಂಜೀವ ಕೀಲಿಕೈ ತೆಗೆದುಕೊಂಡ. ಕೆಲಸ ಕಾಯಂ ಆಯಿತೇ ಎಂದು ಕೇಳಲು ಗುಲಫಶಾಗೆ ನೆನಪೇ ಆಗಲಿಲ್ಲ. ತಾನೂ ಜೀಪು ಹತ್ತಿದಳು.

ಮಧ್ಯಾಹ್ನ ಹಿರೇಹಡಗಲಿಯಲ್ಲಿ, ಆಸ್ಪತ್ರೆಗೆ ಹೊರಟ ಮೆಹನಾಜಳ ತಾಯಿ ಚಪ್ಪಲಿ ಮೆಟ್ಟಿಕೊಳ್ಳಲು ಮಗುವನ್ನು ಗುಲಫಶಾಳ ಕೈಗೆ ಕೊಟ್ಟಳು. ಆರು ಕಿಲೋ ಎಂದರೆ ಎಷ್ಟೆಂದು ಅವಳಿಗೆ ಆಗ ಗೊತ್ತಾಯಿತು.