ಒಂದೇ ಬದಿಯ ಕುರ್ಚಿಗಳು

“ಕುರ್ಚಿ ಆರು ಇರಲೇಬೇಕು. ಆದ್ರೆ ನೀವು ಮೂರೂ ಜನ ಕೂರೋದು ಈ ಕಡೆ ಮಾತ್ರ,” ಎಂದಳು ಚೀನೀ ವಾಸ್ತು ನೋಡುವ ಫೆಂಗ್ ಶೂಯಿಯವಳು. ಊಟದ ಕೋಣೆಯ ನಟ್ಟನಡುವೆ ನಿಂತು, ಅಂಗೈ ಮೇಲಿನ ದಿಕ್ಸೂಚಿಯನ್ನು ಮಲಗಿದ ಕೂಸಿನಂತೆ ಅಲುಗದ ಹಾಗೆ ಹಿಡಿದುಕೊಂಡಿದ್ದಳು.

“ಮೂರೂ ಜನ ಒಂದೇ ಕಡೆ?” ಎಂದ ಅವನು.

“ಒಂದೇ ಕಡೆ. ದಕ್ಷಿಣಕ್ಕೆ ಮುಖ.”

ದಕ್ಷಿಣಕ್ಕೆ ಇದ್ದದ್ದು ಗೋಡೆ. ಗೋಡೆಯ ಮೇಲಿದ್ದ ಗಡಿಯಾರವನ್ನು ಅವಳು ಬಂದ ಹತ್ತೇ ನಿಮಿಷದಲ್ಲಿ ಇಳಿಸಿದ್ದಳು. ಉಣ್ಣುವ ಕಡೆ ಗಡಿಯಾರವಿದ್ದರೆ ಕೂತವರಿಗೆ ಏಳುವ ಅವಸರ ಹತ್ತುತ್ತದಂತೆ. ಮನಸ್ಸಿನಲ್ಲೇ ಅವನು ಅವಳಿಗೆ ದಿಕ್ಸೂಚಿ ಮೇಡಂ ಎಂದು ಹೆಸರಿಟ್ಟಿದ್ದ. ಹೆಂಡತಿ ಮಾತ್ರ ಅವಳ ಒಂದೊಂದು ಮಾತನ್ನೂ ಡಾಕ್ಟರ ಚೀಟಿಯಂತೆ ಬರೆದುಕೊಳ್ಳುತ್ತಿದ್ದಳು.

ಮೂವರ ಹುಟ್ಟಿದ ತಾರೀಕು ಕೇಳಿ, ಕೂಡಿ ಕಳೆದು, ದಿಕ್ಸೂಚಿ ಮೇಡಂ ಹಿಗ್ಗಿಹೋದಳು. “ಮನೆಮಂದಿಗೆಲ್ಲಾ ಒಂದೇ ದಿಕ್ಕು! ನನ್ನ ಅನುಭವದಲ್ಲಿ ಇದು ಎರಡನೇ ಮನೆ.” ಏನೋ ಸಾಧಿಸಿದವರಂತೆ ಗಂಡ ಹೆಂಡತಿ ಒಟ್ಟಿಗೇ ನಕ್ಕರು. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕದ್ದು ಅದು.

ಅವಳು ಮೇಜಿನ ನಕ್ಷೆ ಬರೆದು, ಲೆಕ್ಕಾಚಾರದ ಒಂದು ಕರಪತ್ರವನ್ನೂ ಕೈಗಿತ್ತು ಹೋದಳು. ಹೆಂಡತಿ ನಕ್ಷೆಯನ್ನು ತೆಗೆದುಕೊಂಡು ಹೋಗಿ ಮಗಳ ಕೋಣೆಯ ಬಾಗಿಲ ಕೆಳಗೆ ತಳ್ಳಿದಳು.

ಎಂಟು ತಿಂಗಳಿಂದ ಮಗಳು ಮೇಜಿಗೆ ಬಂದಿರಲಿಲ್ಲ. ಮೂರು ವರ್ಷ ಓದಿದ ವೈದ್ಯಕೀಯವನ್ನು ಅರ್ಧಕ್ಕೇ ಬಿಟ್ಟು, ಎರಡು ಪೆಟ್ಟಿಗೆ ಹಿಡಿದು ಬಂದವಳು, ಅಂದೇ ಊಟಕ್ಕೆ ಕೂತಾಗ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದಿದ್ದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಆ ವಿಷಯದಲ್ಲಿ ಆಣೆ ಇಡಲೂ ಅವನು ತಯಾರು. ಬರೀ ನೋಡಿದ್ದ, ಅಷ್ಟೆ. “ಅಪ್ಪ ಹಾಗೆ ನೋಡೋದಾದ್ರೆ ನನಗೆ ಇಲ್ಲಿ ತುತ್ತು ಇಳಿಯಲ್ಲ ಅಮ್ಮ,” ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಳು. ಅಂದಿನಿಂದ ತಟ್ಟೆ ಅವಳ ಬಾಗಿಲಿಗೇ ಹೋಗುತ್ತಿತ್ತು. ಅವನು ಆಸ್ಪತ್ರೆಗೆ ಹೊರಟ ಮೇಲೆ ಅವಳು ಹೊರಗೆ ಬರುತ್ತಾಳೆ, ಮನೆಯಲ್ಲಿ ಓಡಾಡುತ್ತಾಳೆ, ನಗುತ್ತಾಳೆ ಕೂಡ ಎಂದು ಹೆಂಡತಿ ಹೇಳುತ್ತಿದ್ದಳು.

ಹಾಗೆ ಎಂದರೆ ಹೇಗೆ? ಕಣ್ಣು ಪರೀಕ್ಷೆ ಮಾಡುವುದೇ ಅವನ ಕಸುಬು. ದಿನಕ್ಕೆ ಮೂವತ್ತು ಜನರ ಕಣ್ಣೊಳಗೆ ಗೇಣು ದೂರದಿಂದ ಇಣುಕುತ್ತಾನೆ; ಇದುವರೆಗೆ ಒಬ್ಬರೂ ಎದ್ದು ಹೋದದ್ದಿಲ್ಲ. ಒಂದು ದಿನ ಆಸ್ಪತ್ರೆಯ ಕನ್ನಡಿಯ ಮುಂದೆ ನಿಂತು ಆ ನೋಟವನ್ನು ಮತ್ತೆ ಮುಖಕ್ಕೆ ತಂದುಕೊಳ್ಳಲು ಹೆಣಗಾಡಿದ. ಬರಲಿಲ್ಲ. ಅಲ್ಲೇ ಹಾದುಹೋಗುತ್ತಿದ್ದ ನರ್ಸು, “ಹೊಟ್ಟೆ ನೋವಾ ಸಾರ್?” ಎಂದು ಕೇಳಿದಳು.

ಬಾಗಿಲ ಕೆಳಗಿಂದ ನಕ್ಷೆ ವಾಪಸು ಬಂತು. ಅಂಚಿನಲ್ಲಿ ಪೆನ್ಸಿಲಿನ ಅಕ್ಷರ: “ಹೀಗಾದ್ರೆ ಬರ್ತೀನಿ. ಇವತ್ತೇ.”

ಹೆಂಡತಿ ಅದನ್ನು ಎರಡು ಸಲ ಓದಿ, ಅಂಗೈಯಿಂದ ಕಣ್ಣೊರೆಸಿಕೊಂಡು ಅಡಿಗೆಮನೆಗೆ ಓಡಿದಳು. ಅವಳು ಬಿಟ್ಟುಹೋದ ನಕ್ಷೆಯನ್ನು ಕೈಯಲ್ಲಿ ಹಿಡಿದು ಅವನು ಅಲ್ಲೇ ನಿಂತ. ಮೂರು ಸೊನ್ನೆಗಳು ಸಾಲಾಗಿ ಒಂದು ಬದಿಗೆ, ಹೆಂಡತಿ ನಡುವೆ, ಅವನೂ ಮಗಳೂ ಆಚೆ ಈಚೆ. ಈ ಸಾಲಿನಲ್ಲಿ ಕೂತರೆ ಅವನಿಗೆ ಅವಳ ಮುಖ ಕಾಣುವುದಿಲ್ಲ. ಮಗಳು ಒಪ್ಪಿದ್ದು ಇದಕ್ಕೇ ಎಂದು ಅವನಿಗೆ ನಿಧಾನವಾಗಿ ಹೊಳೆಯಿತು.

ಮಧ್ಯಾಹ್ನವೆಲ್ಲ ಮೇಜು ತಳ್ಳುವುದರಲ್ಲೇ ಕಳೆಯಿತು. ಮೇಲಿನ ತೊಲೆ ಯಾರ ತಲೆಯ ನೇರಕ್ಕೂ ಬರಬಾರದಿತ್ತು. ಸರಿಸಿದರೆ ಬಚ್ಚಲ ಬಾಗಿಲು ಬೆನ್ನಿಗೆ ಬರುತ್ತಿತ್ತು. ಅದು ತಪ್ಪಿದರೆ ತೊಲೆ ಮತ್ತೆ ಹೆಂಡತಿಯ ನೆತ್ತಿಗೆ. ಒಬ್ಬನೇ ಬೆವರು ಸುರಿಸಿ ಕೊನೆಗೂ ಒಂದು ಜಾಗಕ್ಕೆ ತಂದು ನಿಲ್ಲಿಸಿದ. ಸುಸ್ತಾಗಿ ಕೂತವನು ಸುಮ್ಮನೆ ಇರಲಾರದೆ ಕರಪತ್ರ ತೆಗೆದು, ತನ್ನ ಲೆಕ್ಕವನ್ನು ತಾನೇ ಹಾಕಿದ. ಹುಟ್ಟಿದ ಇಸವಿಯ ಕೊನೆಯ ಎರಡು ಅಂಕಿಗಳನ್ನು ಒಂದೇ ಅಂಕಿ ಬರುವ ತನಕ ಕೂಡಿಸಬೇಕು, ಬಂದದ್ದನ್ನು ಹತ್ತರಿಂದ ಕಳೆದು, ಉಳಿದ ಅಂಕಿಯ ದಿಕ್ಕನ್ನು ಪಟ್ಟಿಯಲ್ಲಿ ನೋಡಬೇಕು. ದಕ್ಷಿಣವೇ ಬಂತು.

ಆದರೆ ಆ ಇಸವಿ ಅವನದಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋಗಿದ್ದ ಸೋದರಮಾವ, ಹುಡುಗ ನಿವೃತ್ತಿಯಾಗುವುದು ಒಂದು ವರ್ಷ ತಡವಾಗಲಿ ಎಂದು, ಆರು ವರ್ಷದ ಕೂಸಿನ ನಿವೃತ್ತಿಯ ಚಿಂತೆ ಮಾಡಿ, ಬಾಯಿಗೆ ಬಂದ ತಾರೀಕು ಬರೆಸಿದ್ದ. ಅಮ್ಮ ಸಾಯುವ ಮುಂಚೆ ನಗುತ್ತಲೇ ಹೇಳಿದ್ದಳು: “ನೀನು ಹುಟ್ಟಿದ್ದು ಅದರ ಹಿಂದಿನ ವರ್ಷ ಕಣೋ. ದಿನ ಮಾತ್ರ ಮರೆತುಹೋಯ್ತು.”

ಅವನು ಹಿಂದಿನ ವರ್ಷವನ್ನಿಟ್ಟು ಮತ್ತೆ ಲೆಕ್ಕ ಹಾಕಿದ. ಉತ್ತರ ದಿಕ್ಕು. ಅಂದರೆ ಗೋಡೆಗೆ ಬೆನ್ನು ಮಾಡಿ, ಅವರಿಬ್ಬರಿಗೆ ಎದುರಾಗಿ, ಮಗಳ ಮುಖ ನೋಡುತ್ತಾ ಕೂರಬೇಕಾದವನು ಅವನು. ಕರಪತ್ರ ಹಿಡಿದು ಅಡಿಗೆಮನೆಗೆ ಹೋದ.

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡಳು.

“ಐವತ್ತು ವರ್ಷ ಯಾವ ತಾರೀಕಿನಲ್ಲಿ ಬದುಕಿದ್ರಿ?”

“ಕಾಗದದಲ್ಲಿ ಇರೋದ್ರಲ್ಲಿ.”

“ಮತ್ತೆ? ಕೆಲಸ ಸಿಕ್ಕಿದ್ದು ಅದರ ಮೇಲೆ. ನಾನು ಮದುವೆ ಆಗಿದ್ದು ಅದೇ ಮನುಷ್ಯನ್ನ. ವರ್ಷಾ ವರ್ಷಾ ನಾನು ಕೇಕ್ ಮಾಡೋದು ಯಾರಿಗೆ?”

“ಗೊತ್ತಿಲ್ಲ,” ಎಂದ ಅವನು. ಅವಳು ಅದನ್ನು ತಮಾಷೆ ಎಂದುಕೊಂಡಳು. ಅವನು ತಮಾಷೆ ಮಾಡಿರಲಿಲ್ಲ.

“ನಿಜವಾಗ್ಲೂ ನಾನು ಎದುರು ಕೂರ್ಬೇಕು ಕಣೆ. ಲೆಕ್ಕ ನೋಡು.”

ಹೆಂಡತಿ ಚಾಕು ಕೆಳಗಿಟ್ಟಳು. “ಅವಳು ಬರ್ತಿರೋದೇ ನೀವು ಎದುರು ಇರಲ್ಲ ಅಂತ. ಅದೂ ನನ್ನ ಬಾಯಲ್ಲೇ ಹೇಳಿಸ್ಬೇಕಾ?”

ಅವನು ಕರಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಇನ್ನೇನೂ ಮಾಡಲು ತೋಚದೆ ಮಗಳ ಬಾಗಿಲ ಮುಂದೆ ಹೋಗಿ ನಿಂತ.

“ಯಾರು? ಅಪ್ಪಾನಾ?” ಒಳಗಿಂದ ಕೇಳಿತು.

“ಹೂಂ.”

“ಏನು?”

“ಏನಿಲ್ಲ. ಮೇಜು ಸರಿಸಿದೆ.”

“ಶಬ್ದ ಕೇಳಿಸ್ತು.”

ಎಂಟು ತಿಂಗಳಲ್ಲಿ ಅದೇ ಅವರ ದೊಡ್ಡ ಸಂಭಾಷಣೆ. ಅವನು ಕೆಮ್ಮಿ, ಕೈ ತೊಳೆಯಲು ಹೋದ.

ಸಂಜೆ ದೀಪ ಹಾಕುವ ಹೊತ್ತಿಗೇ ಊಟಕ್ಕೆ ಎಬ್ಬಿಸಿದಳು ಹೆಂಡತಿ. ಮಗಳ ಮನಸ್ಸು ಬದಲಾಗುವ ಮುಂಚೆ ಮುಗಿಯಲಿ ಎಂದು. ಅವನು ಮೊದಲು ಕೂತ. ನಂತರ ಹೆಂಡತಿ. ಬೆನ್ನ ಹಿಂದೆ ಚಿಲಕ ತೆಗೆದ ಸದ್ದು, ಬರಿಗಾಲ ಹೆಜ್ಜೆ, ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು. ಅವನು ಕತ್ತು ತಿರುಗಿಸಲಿಲ್ಲ. ಹೆಂಡತಿ ಮೇಜಿನ ಕೆಳಗೆ ಅವನ ಮೊಣಕಾಲನ್ನು ಒತ್ತಿ ಹಿಡಿದಿದ್ದಳು.

ಮೂವರೂ ಗೋಡೆ ನೋಡಿಕೊಂಡು ಊಟ ಮಾಡಿದರು. ಆಗಾಗ ಮಗಳ ಕೈ ಪಾತ್ರೆಯ ಕಡೆ ಬಂದು ಹೋಗುತ್ತಿತ್ತು. ಉಗುರು ಕಚ್ಚಿಕೊಂಡಿದ್ದಳು. ಚಿಕ್ಕವಳಿದ್ದಾಗಿನ ಆ ಚಾಳಿ ಮತ್ತೆ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟು ಕಂಡದ್ದಕ್ಕೇ ಅವನಿಗೆ ಅಳು ಬರುವಂತಾಯಿತು.

“ನನಗೆ ಕೆಲಸ ಸಿಕ್ಕಿದೆ,” ಎಂದಳು ಮಗಳು, ಗೋಡೆಗೆ. “ಔಷಧಿ ಅಂಗಡಿಯಲ್ಲಿ. ಬೇರೆ ಊರು. ಸೋಮವಾರ ಹೋಗ್ತಿದೀನಿ.”

ಹೆಂಡತಿಯ ಕೈ ಅವನ ಮೊಣಕಾಲಿನಿಂದ ಜಾರಿತು. ಅವನು ತುತ್ತು ನುಂಗಿದ.

“ಒಳ್ಳೇದು,” ಎಂದ ಗೋಡೆಗೆ. ಅವನಿಗೆ ಬೇರೆ ಏನೇನೋ ಹೇಳಬೇಕಿತ್ತು.

ಮಗಳು ಸಣ್ಣ ದನಿಯಲ್ಲಿ, “ಅಪ್ಪ ಹೇಗೆ ನೋಡ್ತಿದಾರಮ್ಮ?” ಎಂದು ಕೇಳಿದಳು. ಅದು ಹೆದರಿಕೆಯ ದನಿಯೋ, ಆಸೆಯದೋ, ಮುಖ ನೋಡದೆ ಹೇಳುವಂತಿರಲಿಲ್ಲ. ಅವನಿಗೆ ಬೆನ್ನೂ ಕಾಣುತ್ತಿರಲಿಲ್ಲ.

“ಗೋಡೆ ನೋಡ್ತಿದಾರೆ,” ಎಂದಳು ಹೆಂಡತಿ, ತಾನೂ ಗೋಡೆಯನ್ನೇ ನೋಡುತ್ತಾ.

ಆಗ ಹೆಂಡತಿಯ ತಟ್ಟೆಯ ಮೇಲಿಂದ ಮಗಳ ಕೈ ಚಾಚಿತು. ನೀರಿನ ಜಗ್. ಅವನ ಲೋಟ ಖಾಲಿಯಾದದ್ದನ್ನು ಅವಳು ಹೇಗೋ ನೋಡಿದ್ದಳು. ಹಾಗಾದರೆ ಅವಳು ಈ ಕಡೆ ತಿರುಗಿದ್ದಳೇ? ತಾನೂ ತಿರುಗಬಹುದೇ? ತಿರುಗಿದರೆ ಎದ್ದು ಹೋದಾಳೇ? ತಿರುಗಿದರೆ ತನ್ನ ಮುಖದ ಮೇಲೆ ಈಗ ಯಾವ ನೋಟ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಗೋಡೆಯಿಂದ ಕಣ್ಣು ಕೀಳದೆ, ಕುರುಡನಂತೆ ಕೈ ಮುಂದೆ ಮಾಡಿದ. ಬೆರಳಿಗೆ ಹಿಡಿ ತಾಗಿತು; ಅವನ ಕೈಗೆ ಸಿಕ್ಕಿತು ಎಂದುಕೊಂಡು ಅವಳು ಬಿಟ್ಟಳು.

ಜಗ್ ಮಗುಚಿಕೊಂಡಿತು. ಯಾರೂ ಏಳಲಿಲ್ಲ, ಯಾರೂ ಯಾರ ಕಡೆಯೂ ತಿರುಗಲಿಲ್ಲ. ನೀರು ತಟ್ಟೆಗಳನ್ನು ಬಳಸಿಕೊಂಡು, ಮೇಜಿನ ಅಗಲಕ್ಕೂ ಹರಡಿ, ಆಚೆಯ ಅಂಚಿಗೆ ಹೋಗಿ ಒಂದು ಗಳಿಗೆ ನಿಂತಿತು. ಆಮೇಲೆ ಅವನ ಎದುರಿನ ಖಾಲಿ ಕುರ್ಚಿಯ ಮೇಲೆ ತೊಟ್ಟಿಕ್ಕತೊಡಗಿತು. ಮೂವರೂ ಕೂತು ಅದನ್ನೇ ನೋಡುತ್ತಿದ್ದರು.