ಕೊಡದ ಇಕ್ಕಳ

ಭೂಮಧ್ಯರೇಖೆಯ ಕೆಳಗಿನ ಆ ನಾಡಿಗೆ ಜೂನ್ ಅಂದರೆ ಚಳಿಗಾಲ. ಹೊತ್ತು ಹುಟ್ಟಿದ್ದರೂ ಬೆಟ್ಟದ ನೆತ್ತಿಯ ಎಲ್ ಆಲ್ಟೊ ಊರಿನ ಬೀದಿಗೆ ಬಿಸಿಲು ಇಳಿದಿರಲಿಲ್ಲ, ಚರಂಡಿಯ ನೀರು ಗಾಜಾಗಿ ನಿಂತಿತ್ತು. ಹಲ್ಲಿನ ಡಾಕ್ಟರಿಗೆ ಸಹಾಯಕಿಯರನ್ನು ತಯಾರು ಮಾಡುವ ಶಾಲೆಯ ಬಾಗಿಲಲ್ಲಿ ಬಸಿಲಿಯಾಳ ಗುಂಡು ಟೊಪ್ಪಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೇಲ್ವಿಚಾರಕಿ ಕೇಳುತ್ತಿದ್ದಳು:

“ಇದರಲ್ಲಿ ಹೇನು ಎಷ್ಟಿವೆ? ಲಂಗದೊಳಗೆ ಎಷ್ಟಿವೆ? ಹೊರಗೆ ಹೋಗಿ ಕೊಡವ್ಕೊಂಡು ಬಾ.”

ಬಸಿಲಿಯಾ ಸಂತೆಯಲ್ಲಿ ಒಣ ಆಲೂಗಡ್ಡೆ ಮಾರುವವಳು. ಸಂತೆಯಾಗಿದ್ದರೆ ಈ ಮೇಲ್ವಿಚಾರಕಿಯ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಇವತ್ತು ಮಗಳು ನಿಕೋಲಾಸಾಳ ಪರೀಕ್ಷೆ. ಹೊರಗೆ ಹೋಗಿ, ದಾರಿಯ ಜನ ನೋಡುತ್ತಿದ್ದ ಹಾಗೆ, ನೆರಿಗೆ ಲಂಗವನ್ನು ಕೊಡವಿ ಬಂದಳು.

ಆ ಶಾಲೆಯಲ್ಲಿ ಒಂದು ಕಟ್ಟಳೆ. ಕೊನೆಯ ಪರೀಕ್ಷೆಗೆ ಪ್ರತಿ ಹುಡುಗಿಯೂ ಒಂದು ಬಾಯಿ ತರಬೇಕು. ರೋಗಿ ಅನ್ನುವುದಿಲ್ಲ ಅವರು, ಬಾಯಿ ಅನ್ನುತ್ತಾರೆ. ಉಳ್ಳವರು ಬಸ್ ನಿಲ್ದಾಣದಿಂದ ಯಾರನ್ನಾದರೂ ಕಾಸು ಕೊಟ್ಟು ಹಿಡಿದು ತರುತ್ತಾರೆ. ಇಲ್ಲದವರು ಹೆತ್ತವಳನ್ನೇ ತರುತ್ತಾರೆ. ಅವ್ವನ ದವಡೆಹಲ್ಲು ಹುಳುಕಾಗಿ ನಿದ್ದೆ ಕೆಡಿಸಿದ್ದರಿಂದ ನಿಕೋಲಾಸಾಗೆ ಅದು ಅನುಕೂಲವೇ ಅನ್ನಿಸಿತ್ತು. ಪಾಸಾದರೆ ಶಾಲೆಯ ಈ ಬಿಳಿ ಕೋಟಿನಲ್ಲೇ ಆಸ್ಪತ್ರೆಯ ಕೆಲಸ. ಮೂಟೆ ಹೊರುವುದು ತನಗೆ ತಪ್ಪುತ್ತದೆ, ಆಮೇಲೆ ಅವ್ವನಿಗೂ.

ನಿಂತಲ್ಲಿ ನಿಲ್ಲಲಾಗದೆ ಅವಳು ತಟ್ಟೆಯ ಸಲಕರಣೆ ಜೋಡಿಸಿದಳು, ಕೆಡಿಸಿ ಮತ್ತೆ ಜೋಡಿಸಿದಳು.

“ಮೈಗೆ ಇರುವೆ ಹತ್ದೋಳಂಗೆ ಆಡ್ಬ್ಯಾಡ ಕಣೇ,” ಅಂದಳು ಪಕ್ಕದ ಕುರ್ಚಿಯ ಫ್ಲೋರಾ. ಅವಳು ಚಿಕ್ಕವ್ವನನ್ನು ಕರೆತಂದಿದ್ದಳು. “ನಿಮ್ಮವ್ವುಂಗೆ ಬಾಯಲ್ಲಿ ಹಲ್ಲಾದ್ರೂ ಅವೆ. ನಮ್ ಚಿಕ್ಕವ್ವಂದು ಎರಡು ಹಲ್ಲು ಬಿಟ್ರೆ ಬರೀ ಬೊಚ್ಚು. ಅವೂ ಉದುರಿದ್ರೆ ಕೀಳಕ್ಕೆ ಡಾಕ್ಟ್ರು ಒಂದು ಹಲ್ಲು ಮನೆಯಿಂದ ತರ್ಬೇಕು.”

ಪರೀಕ್ಷೆ ನಡೆಸುವ ಡಾಕ್ಟರ್ ಉರ್ಕಿದಿ ಬಂದ. ಹುಡುಗಿಯರು ಸುತ್ತ ನಿಂತರು. ಬಸಿಲಿಯಾ ಬಾಯಿ ತೆರೆದಾಗ ಮುಂದಿನ ಹಲ್ಲಿನ ಸುತ್ತ ಚಿನ್ನದ ಚೌಕಟ್ಟು ಮಿನುಗಿತು. ಸಂತೆಯಲ್ಲಿ ಸ್ವಂತ ಜಾಗ ಸಿಕ್ಕ ವರ್ಷ ಕಟ್ಟಿಸಿಕೊಂಡದ್ದು. ಅಲ್ಲಿಯ ಹೆಂಗಸರು ಗೆದ್ದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ನಕ್ಕರೆ ಊರಿಗೆ ಗೊತ್ತಾಗಬೇಕು.

“ನೋಡ್ರಮ್ಮ, ಗುಡ್ಡದವರ ಸಿಂಗಾರ,” ಅಂದ ಡಾಕ್ಟರ್. “ಕತ್ತೆಗೆ ಚಿನ್ನದ ಲಗಾಮು. ಇವತ್ತು ಇದನ್ನೇ ಕೀಳೋಣ.”

“ನೋವಿರೋದು ಹಿಂದ್ಲದು ಡಾಕ್ಟ್ರೇ. ಮುಂದ್ಲದು ಗಟ್ಟಿಯಾಗದೆ,” ಅಂದಳು ನಿಕೋಲಾಸಾ.

“ಹಿಂದಿನದು ಯಾರಿಗೆ ಕಾಣತ್ತೆ? ಇಷ್ಟು ಹುಡುಗೀರು ನೋಡಿ ಕಲೀಬೇಕು. ಬಾಯಿ ಇಲ್ಲಿಗೆ ತಂದ್ಮೇಲೆ ಬಾಯಿ ನಂದು.”

ಕಪಾಟಿನಲ್ಲಿದ್ದ ಗಾಜಿನ ಬಟ್ಟಲಿನ ಕಡೆ ಗದ್ದ ಆಡಿಸಿದ. ಅಂಥವೇ ಚೌಕಟ್ಟುಗಳು ಅದರ ತಳದಲ್ಲಿ ಬಿದ್ದಿದ್ದವು. “ಚಿನ್ನ ಅದಕ್ಕೆ ಹಾಕಿ.”

ಮುಂದಿನ ಒಸಡಿಗೆ ಸೂಜಿ ಚುಚ್ಚಿದ. ತುಟಿ ಜೋಮು ಹಿಡಿಯುವವರೆಗೆ ಕಾದ.

ಸಹಾಯಕಿಯ ವಿದ್ಯೆ ಅಂದರೆ ಇಷ್ಟೇ. ಡಾಕ್ಟರ್ ಬಾಯಿಂದ ಕಣ್ಣು ತೆಗೆಯುವುದಿಲ್ಲ, ಅಂಗೈ ಚಾಚುತ್ತಾನೆ. ಕೇಳುವ ಮೊದಲೇ ಬೇಕಾದ ಸಲಕರಣೆ ಅಲ್ಲಿ ಬಂದು ಕೂರಬೇಕು. ಎರಡು ವರ್ಷ ಕಲಿತದ್ದು ಅದನ್ನೇ, ಪರೀಕ್ಷೆಯೂ ಅದೇ.

ಅಂಗೈ ಚಾಚಿತು. ಇಕ್ಕಳ ನಿಕೋಲಾಸಾಳ ಕೈಯಲ್ಲಿತ್ತು. ಅಲ್ಲೇ ಇತ್ತು. ಡಾಕ್ಟರನ ಬೆರಳುಗಳು ಮಡಚಿದವು, ಬಿಚ್ಚಿದವು.

“ಇಕ್ಕಳ.”

“ಕೊಡಕಿಲ್ಲ.”

ಈಗ ಅವನು ತಲೆ ಎತ್ತಿದ. “ಎರಡು ವರ್ಷದ ಓದು ಚರಂಡಿಗೆ ಹೋಗತ್ತೆ. ಮೂಟೆ ಹೊರೋ ಮುಂಡೇವನ್ನ ಒಳಗೆ ಬಿಟ್ಟಿದ್ದೇ ತಪ್ಪು.”

ಮರಗಟ್ಟಿದ ತುಟಿಯಲ್ಲಿ ಜೊಲ್ಲು ಸುರಿಸುತ್ತ ಬಸಿಲಿಯಾ ಮಾತಾಡಿದಳು. “ಕೊಟ್ಬುಡು ಮಗಾ. ಹಲ್ಲು ತಾನೆ, ಹೋದ್ರೆ ಹೋಯ್ತದೆ. ನೀನು ಪಾಸಾಗು.”

“ನೀ ಬಾಯ್ಮುಚ್ಚವ್ವ.”

“ನಾನಾ ಬಾಯ್ಮುಚ್ಚೋದು? ಲೇ ಹಡಬೆ, ನಿನ್ನ ಓದ್ಸಕ್ಕೆ ನನ್ ಸೊಂಟ ಮುರ್ದೋಗದೆ. ಕೊಡೇ.”

“ಮುಚ್ಚು ಅಂದೆ. ಇವನು ಕೈ ಹಾಕ್ದಂಗೆ ಮುಚ್ಚು.”

ಬಸಿಲಿಯಾ ಮಗಳನ್ನು ನೋಡಿದಳು. ಆಮೇಲೆ ಬಾಯಿ ಮುಚ್ಚಿದಳು.

“ಫ್ಲೋರಾ, ನೀನು ಕೊಡು,” ಅಂದ ಡಾಕ್ಟರ್.

ಫ್ಲೋರಾ ತನ್ನ ಚಿಕ್ಕವ್ವನ ಕಡೆ ತಿರುಗಿದಳು, ಕೈಗಳನ್ನು ಜೇಬಿಗಿಳಿಸಿದಳು. “ಕೈ ನಡುಗ್ತಾ ಅವೆ ಡಾಕ್ಟ್ರೇ.” ನಡುಗುತ್ತಿರಲಿಲ್ಲ.

ಹಿಂದೆ ನಿಂತಿದ್ದ ಇನ್ನೊಬ್ಬಳು ತನ್ನ ಇಕ್ಕಳ ತಂದು ಕೊಟ್ಟಳು. ಡಾಕ್ಟರ್ ಎಡಗೈಯಲ್ಲಿ ಬಸಿಲಿಯಾಳ ಕೆನ್ನೆ ಅದುಮಿ ಹಿಡಿದ. ಮೂಟೆ ಎತ್ತುವಾಗ ಕಚ್ಚಿ ಹಿಡಿಯುವ ದವಡೆ ಅದು, ಬಿಚ್ಚಲಿಲ್ಲ. ನಿಕೋಲಾಸಾ ಅವನ ಮಣಿಕಟ್ಟು ಹಿಡಿದು ಕೈಯನ್ನು ಕೆನ್ನೆಯಿಂದ ಬಿಡಿಸಿ ಆಚೆಗೆ ತಳ್ಳಿದಳು. ಅವ್ವನನ್ನು ಕುರ್ಚಿಯಿಂದ ಇಳಿಸಿದಳು. ಯಾರೂ ತಡೆಯಲಿಲ್ಲ.

ದಾರಿಯುದ್ದಕ್ಕೂ ಬಸಿಲಿಯಾ ಮಗಳನ್ನು ಬೈದಳು, ಸೊಟ್ಟಗಾದ ತುಟಿಯಿಂದ ಅರ್ಧ ಬೈಗುಳ ಹೊರಗೆ ಬರಲೇ ಇಲ್ಲ. ಮಧ್ಯಾಹ್ನ ಹಿಂದಿನ ಹಲ್ಲು ಮೊದಲಿನ ಹಾಗೇ ಕುಟ್ಟತೊಡಗಿತು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ತನ್ನ ಜಾಗದಲ್ಲಿ ಹೋಗಿ ಕೂತಳು. ಮಗಳು ಮೂಟೆ ಹೊತ್ತು ತಂದು ಹಾಕಿದಳು.

ಇಕ್ಕಳ ಕೊಟ್ಟವಳು ಪಾಸಾದಳು. ಅವಳನ್ನು ಇವತ್ತಿಗೂ ಯಾರೂ ಬೈಯುವುದಿಲ್ಲ, ಅವಳಿಗೂ ಮನೆಯಲ್ಲಿ ಹಸಿದವರಿದ್ದರು. ನಿಕೋಲಾಸಾ ಶಾಲೆ ಬಿಟ್ಟು ಹೊರಟದ್ದು ಗುರುವಾರ, ಸಂತೆಯ ದಿನ. ಫ್ಲೋರಾಳ ಪರೀಕ್ಷೆಯ ಸರದಿಯನ್ನು ಸೋಮವಾರಕ್ಕೆ ಹಾಕಿದ್ದರು. ಸೋಮವಾರ ಬೆಳಿಗ್ಗೆ ಬಂದಳು, ತಟ್ಟೆ ಜೋಡಿಸಿದಳು, ಡಾಕ್ಟರ್ ಅಂಗೈ ಚಾಚಿದಾಗ ಬಿಳಿ ಕೋಟು ಬಿಚ್ಚಿ ಅದರ ಮೇಲಿಟ್ಟು, ಚಿಕ್ಕವ್ವನ ಕೈ ಹಿಡಿದುಕೊಂಡು ಹೋದಳು.